ಖಾಸಗಿ ಶಾಲೆ ‘ಬೇಡ’ ಎನ್ನಬಹುದೇ?

ಪ್ರಶ್ನೆ: ಮಗಳಿಗೆ ಡಿಸ್ಲೆಕ್ಸಿಯಾ. ‘ನಮ್ಮದು ಖಾಸಗಿ ಶಾಲೆ, ಬೇರೆ ಕಡೆ ಸೇರಿಸಿ’ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಒಂದು. ಅದರ 16ನೇ ಸೆಕ್ಷನ್ ಅನುದಾನಿತ ಶಾಲೆಗಳಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಒಳಗೊಳ್ಳುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ತೊಂದರೆಯನ್ನು ಬೇಗ ಪತ್ತೆಹಚ್ಚಿ ಕಲಿಸುವ ರೀತಿ ಬದಲಿಸಬೇಕು. ‘ಪ’, ‘ವ’ ಕಲಸಿಹೋಗಿ ಪುಟ ಖಾಲಿ ಬಿಡುವ ಮಗು ಅದೇ ಉತ್ತರವನ್ನು ಬಾಯಲ್ಲಿ ಸಲೀಸಾಗಿ ಹೇಳೀತು. ಹಾಗೆ ಕೇಳುವುದಕ್ಕೆ ಶಾಲೆಗೆ ಖರ್ಚೇನೂ ಇಲ್ಲ. ಸಿಬಿಎಸ್‌ಇ ಬೋರ್ಡು ಇಂಥ ಮಕ್ಕಳಿಗೆ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರನ್ನು ಕೊಡುತ್ತದೆ. ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ, ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಜಗ್ಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ.