ಸಂಧಾನದ ಹಾದಿ

ಜಗಳ ಕಂಡೊಡನೆ ದೂರ ಸರಿಯುವವನನ್ನು ಲೋಕವು ಸಾಧುವೆಂದು ಕರೆಯುತ್ತದೆ. ಯಾರ ತಂಟೆಗೂ ಹೋಗದವನೇ ಶಾಂತಿಪ್ರಿಯನೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಯೇಸುಕ್ರಿಸ್ತನು ಬೆಟ್ಟದ ಮೇಲಿನ ಉಪದೇಶದಲ್ಲಿ ಧನ್ಯರೆಂದು ಕೊಂಡಾಡಿದ್ದು ಶಾಂತಿಯನ್ನು ಉಂಟುಮಾಡುವವರನ್ನು. ಅವರನ್ನೇ ದೇವರ ಮಕ್ಕಳೆಂದು ಕರೆದದ್ದು. ಶಾಂತಿಯನ್ನು ಬಯಸುವುದು ಸುಲಭ. ಅದನ್ನು ಉಂಟುಮಾಡುವುದು ಒಂದು ಕೆಲಸ; ಎಲ್ಲ ಕೆಲಸಗಳಂತೆ ಅದಕ್ಕೂ ಒಂದು ಕ್ರಮವುಂಟು.

ಆ ಕ್ರಮ ಮತ್ತಾಯನ ಸುವಾರ್ತೆಯ ಎರಡು ಕಡೆಗಳಲ್ಲಿ ಕಾಣಸಿಗುತ್ತದೆ. ಐದನೆಯ ಅಧ್ಯಾಯದಲ್ಲಿ, ಕಾಣಿಕೆ ಹಿಡಿದು ಯಜ್ಞವೇದಿಯ ಬಳಿಗೆ ಬಂದವನಿಗೆ, ತನ್ನ ಮೇಲೆ ಸಹೋದರನಿಗೆ ಏನೋ ದೂರಿದೆಯೆಂಬ ನೆನಪಾಗುತ್ತದೆ. ಆತ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ಹದಿನೆಂಟನೆಯ ಅಧ್ಯಾಯದಲ್ಲಿ ಮಾತು ನೊಂದವನಿಗೆ. ತಪ್ಪು ಮಾಡಿದವನ ಬಳಿಗೆ ಅವನು ಒಬ್ಬನೇ ಹೋಗಿ ತಪ್ಪನ್ನು ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಯ ಮುಂದಿಡಬೇಕು. ನೋಯಿಸಿದವನೂ ನೊಂದವನೂ ಈ ಮಾತನ್ನು ಪಾಲಿಸಿದರೆ ಇಬ್ಬರೂ ನಡುದಾರಿಯಲ್ಲಿಯೇ ಎದುರಾಗಬೇಕು!

ನಾವು ನಡೆಯುವ ರೀತಿಯಾದರೋ ಇದಕ್ಕೆ ತೀರ ವಿರುದ್ಧ. ದೂರು ಮೊದಲು ಊರಿಗೆಲ್ಲ ತಿಳಿಯುತ್ತದೆ. ತಿಳಿಯಬೇಕಾದವನಿಗೆ ಕೊನೆಗೆ ತಿಳಿಯುತ್ತದೆ. ಅಷ್ಟರಲ್ಲಿ ಅವನ ಮಾನ ಹೋಗಿರುತ್ತದೆ. ಮಾನ ಕಳೆದುಕೊಂಡವನು ತಪ್ಪೊಪ್ಪಿಕೊಳ್ಳುವುದು ಕಷ್ಟ. ಏಕಾಂತದಲ್ಲಿ ಮೊದಲ ಮಾತಾಗಲಿ ಎಂಬ ನಿಯಮದ ಹಿಂದಿರುವ ವಿವೇಕ ಇದು. ಆದರೆ ಇಲ್ಲಿ ತಪ್ಪನ್ನು ಮುಚ್ಚಿಡುವ ಉಪದೇಶವಿಲ್ಲ. ತಪ್ಪನ್ನು ತಪ್ಪೆಂದು ಹೇಳುವುದರಿಂದಲೇ ಸಂಧಾನ ಆರಂಭವಾಗುತ್ತದೆ. ಬಲಹೀನನ ಬಾಯಿ ಮುಚ್ಚಿಸಿ ಹೊಂದಿಕೊಂಡು ಹೋಗೆನ್ನುವುದು ಸಂಧಾನವಲ್ಲ, ಅನ್ಯಾಯಕ್ಕೆ ಕಾವಲು.

ಇದೆಲ್ಲ ನೆರೆಹೊರೆಯವರ ಮನಸ್ತಾಪಕ್ಕೆ ಸರಿ, ಬಂದೂಕು ಹಿಡಿದವರ ನಡುವೆ ನಡೆದೀತೆ ಎಂಬ ಸಂದೇಹ ಸಹಜ. ಅದಕ್ಕೆ ಆಫ್ರಿಕದ ಮೊಜಾಂಬಿಕ್ ದೇಶದ ನಿದರ್ಶನವಿದೆ. 1975ರಲ್ಲಿ ಪೋರ್ಚುಗೀಸರಿಂದ ಸ್ವತಂತ್ರವಾದ ಆ ನಾಡು ಎರಡೇ ವರ್ಷಗಳಲ್ಲಿ ಅಂತರ್ಯುದ್ಧಕ್ಕೆ ಸಿಲುಕಿತು. ಒಂದು ಕಡೆ ಫ್ರೆಲಿಮೊ ಪಕ್ಷದ ಸರ್ಕಾರ, ಇನ್ನೊಂದು ಕಡೆ ರೆನಾಮೊ ಬಂಡುಕೋರರು. ಯುದ್ಧಕ್ಕೂ ಕ್ಷಾಮಕ್ಕೂ ಬಲಿಯಾದವರು ಸುಮಾರು ಹತ್ತು ಲಕ್ಷವೆಂದು ಅಂದಾಜು.

ಅಲ್ಲಿನ ಕ್ಯಾಥೊಲಿಕ್ ಸಭೆಗೂ ಸರ್ಕಾರದ ಮೇಲೆ ದೂರಿತ್ತು. ಮಾರ್ಕ್ಸ್‌ವಾದವನ್ನು ಒಪ್ಪಿದ ಆಡಳಿತವು ಸಭೆಯ ಶಾಲೆ, ಆಸ್ಪತ್ರೆಗಳನ್ನು ರಾಷ್ಟ್ರೀಕರಿಸಿತ್ತು. ಬೇಯಿರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸರು ಆ ಲೆಕ್ಕವನ್ನು ಬದಿಗಿರಿಸಿ, 1988ರಲ್ಲಿ ಕಾಡಿಗೆ ಹೋಗಿ ಬಂಡುಕೋರರ ನಾಯಕ ಅಫೊನ್ಸೊ ಡ್ಲಕಾಮರನ್ನು ಮುಖತಃ ಕಂಡರು. 1990ರ ಜುಲೈಯಲ್ಲಿ ಎರಡೂ ಪಕ್ಷಗಳ ಪ್ರತಿನಿಧಿಗಳು ರೋಮ್ ನಗರದಲ್ಲಿ ಸಾಂತ್ ಎಜಿದಿಯೊ ಸಮುದಾಯದ ಮನೆಯಲ್ಲಿ ಎದುರುಬದುರು ಕುಳಿತರು. ಹಿಂದೆ ಸಂನ್ಯಾಸಿನಿಯರ ಮಠವಾಗಿದ್ದ ಕಟ್ಟಡವದು. ಮಧ್ಯಸ್ಥರಾಗಿದ್ದವರು ಗೊನ್ಸಾಲ್ವೆಸ್, ಸಮುದಾಯದ ಸ್ಥಾಪಕ ಆಂದ್ರೆಯಾ ರಿಕಾರ್ಡಿ, ಪಾದ್ರಿ ಮತ್ತೆಯೊ ಝುಪ್ಪಿ, ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಾಫಾಯೆಲ್ಲಿ.

ಸಮುದಾಯಕ್ಕೆ ಸೈನ್ಯವಿರಲಿಲ್ಲ, ಯಾರನ್ನೂ ಮಣಿಸುವ ಅಧಿಕಾರವೂ ಇರಲಿಲ್ಲ. ಆ ನಾಡಿನಿಂದ ತನಗೆ ಬೇಕಾದದ್ದೇನೂ ಇಲ್ಲವೆಂಬ ನಂಬಿಕೆಯನ್ನು ಇಬ್ಬರಲ್ಲಿಯೂ ಹುಟ್ಟಿಸಿದ್ದೇ ಅದರ ಬಲ. ತಾವಿಬ್ಬರೂ ಒಂದೇ ನಾಡಿನ ಕುಟುಂಬಕ್ಕೆ ಸೇರಿದವರೆಂಬುದನ್ನು ಎರಡೂ ಪಕ್ಷಗಳು ಮೊದಲ ಸುತ್ತಿನಲ್ಲಿಯೇ ಒಪ್ಪಿಕೊಂಡವು. ಸೇನೆ, ಚುನಾವಣೆಗಳಂಥ ಕಠಿಣ ವಿಷಯಗಳಿಗೆ ಆಮೇಲೆ ತಿಂಗಳುಗಟ್ಟಲೆ ಹಿಡಿಯಿತು. ಇಪ್ಪತ್ತೇಳು ತಿಂಗಳ ಮಾತುಕತೆಯ ನಂತರ, 1992ರ ಅಕ್ಟೋಬರ್ 4ರಂದು ಅಧ್ಯಕ್ಷ ಜೊವಾಕಿಂ ಶಿಸಾನೊ ಮತ್ತು ಡ್ಲಕಾಮ ಒಪ್ಪಂದಕ್ಕೆ ಸಹಿ ಹಾಕಿದರು. 1994ರ ಅಕ್ಟೋಬರ್‌ನಲ್ಲಿ, ವಿಶ್ವಸಂಸ್ಥೆಯ ಕಣ್ಗಾವಲಿನಲ್ಲಿ, ಇಬ್ಬರೂ ಮತಪೆಟ್ಟಿಗೆಯ ಮುಂದೆ ಸ್ಪರ್ಧಿಗಳಾದರು.

ಈ ಶಾಂತಿಗೂ ಬೆಲೆ ತೆರಬೇಕಾಯಿತು. ಸಾರ್ವತ್ರಿಕ ಕ್ಷಮಾದಾನದಿಂದಾಗಿ ಯುದ್ಧಕಾಲದ ಕ್ರೌರ್ಯಗಳು ವಿಚಾರಣೆಗೇ ಬರಲಿಲ್ಲ. ತಪ್ಪನ್ನು ಎದುರಿಗೇ ಹೇಳಬೇಕೆಂಬ ಸುವಾರ್ತೆಯ ನಿಯಮದಲ್ಲಿ ಅರ್ಧ ಹಾಗೆಯೇ ಉಳಿಯಿತೆನ್ನಬೇಕು. 2013ರ ವೇಳೆಗೆ ಅದೇ ಪಕ್ಷಗಳ ನಡುವೆ ಮತ್ತೆ ಗುಂಡು ಹಾರಿತು. 2019ರ ಆಗಸ್ಟ್‌ನಲ್ಲಿ ಮತ್ತೊಂದು ಒಪ್ಪಂದ ಬೇಕಾಯಿತು. ಹಾಗೆಂದು ಮೊದಲನೆಯ ಒಪ್ಪಂದ ವ್ಯರ್ಥವಾಯಿತೆನ್ನಲಾಗದು. ಅದು ಉಳಿಸಿದ ಜೀವಗಳು ಉಳಿದವು. ಮಳೆಗಾಲಕ್ಕೆ ಮುನ್ನ ವರ್ಷವರ್ಷವೂ ಹೆಂಚು ಸರಿಪಡಿಸಬೇಕಾದ ಮಾಡಿನಂತೆ ಶಾಂತಿಗೂ ಆರೈಕೆ ಬೇಕು.

ಕೇಳುಗರಲ್ಲಿ ಕ್ರೈಸ್ತರೂ ಇರಬಹುದು, ಅನ್ಯಮತೀಯರೂ ಇರಬಹುದು. ಎರಡು ಮನೆಗಳ ನಡುವೆ ನಿಂತು ಮಾತನಾಡುವ ಪ್ರಸಂಗ ಎಲ್ಲರಿಗೂ ಒದಗುತ್ತದೆ. ಆಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಈ ವ್ಯಾಜ್ಯದಲ್ಲಿ ನನಗೆ ದಕ್ಕುವ ಲಾಭವೇನಾದರೂ ಇದೆಯೆ? ಹೇಳಬೇಕಾದ ಮಾತನ್ನು ಹೇಳಬೇಕಾದವನಿಗೇ ಮೊದಲು ಹೇಳಿದೆನೆ? ನೊಂದವನ ಮಾತನ್ನು ಕೊನೆಯವರೆಗೆ ಕೇಳಿದೆನೆ? ಈ ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವನು ನಡುವೆ ನಿಲ್ಲಲು ಅರ್ಹ.