ಸೊಪ್ಪಿನ ಬೆಟ್ಟ ಬೋಳಾದರೆ ತೋಟಕ್ಕೂ ಬಡತನ

ಮಲೆನಾಡಿನ ಅಡಿಕೆ ತೋಟಕ್ಕೆ ಬೆಟ್ಟವೇ ಬಂಡವಾಳ. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಆಳ್ವಿಕೆಯ ಕಾಲದಿಂದಲೂ ನಡೆದುಬಂದಿದೆ. ಹಸಿಸೊಪ್ಪು, ದರಕು, ಸೌದೆ ಎಲ್ಲವೂ ಅಲ್ಲಿಂದಲೇ. ಆದರೆ ಅನೇಕ ಬೆಟ್ಟಗಳಲ್ಲಿ ಮರಗಳು ತಲೆ ಕಳೆದುಕೊಂಡ ಕಂಬಗಳಂತೆ ನಿಂತಿವೆ. ಕೆಳಗೆ ಎಳೆಯ ಸಸಿಗಳಿಲ್ಲ, ಯುಪಟೋರಿಯಂ ಕಳೆ ಹಬ್ಬಿದೆ. ಇದರಿಂದಾಗುವ ನಷ್ಟ ತೋಟದ ಗೊಬ್ಬರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮರ ಮತ್ತು ಮಣ್ಣಿನಲ್ಲಿ ಕೂಡಿಟ್ಟ ಇಂಗಾಲವೂ ಕರಗುತ್ತದೆ.

ಮರವೇ ಇಂಗಾಲದ ಕಣಜ

ಎಲೆಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತವೆ. ಅದರ ಒಂದು ಭಾಗ ಕಾಂಡ, ಕೊಂಬೆ, ಬೇರುಗಳಾಗಿ ಉಳಿಯುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. 1,000 ಕೆ.ಜಿ. ಒಣ ತೂಕದ ಮರದಲ್ಲಿ ಸುಮಾರು 500 ಕೆ.ಜಿ. ಇಂಗಾಲವಿರುತ್ತದೆ. ಅದು ಸುಟ್ಟರೆ ಇಲ್ಲವೆ ಪೂರ್ತಿ ಕೊಳೆತರೆ ಸುಮಾರು 1,800 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಅನಿಲ ಹೆಚ್ಚಿದಷ್ಟೂ ಭೂಮಿಯ ತಾಪ ಏರುತ್ತದೆ.

ಒಂದೇ ಎತ್ತರದ ಎರಡು ಮರಗಳಲ್ಲಿ ಒಂದರ ಸುತ್ತಳತೆ ಇನ್ನೊಂದರ ಎರಡರಷ್ಟಿದ್ದರೆ ಅದರ ಕಾಂಡದ ಗಾತ್ರ ಸುಮಾರು ನಾಲ್ಕರಷ್ಟಿರುತ್ತದೆ. ಆದ್ದರಿಂದ ಒಂದು ದೊಡ್ಡ ಮರದ ನಷ್ಟವನ್ನು ಒಂದು ಸಸಿ ನೆಟ್ಟು ತುಂಬಲಾಗದು.

ಕಾಡಿನ ಜಾತಿಯೇ ಬದಲಾಗುತ್ತದೆ

ನಿತ್ಯಹರಿದ್ವರ್ಣ ಕಾಡಿನ ನೆರಳು ತೆರೆದಾಗ ಬಿಸಿಲು ನೆಲಕ್ಕೆ ಬಿದ್ದು ತೇವ ಆರುತ್ತದೆ, ಬೆಂಕಿ ಸುಲಭವಾಗಿ ಹಬ್ಬುತ್ತದೆ. ನಾಗಸಂಪಿಗೆ, ಬಲಗಿಯಂತಹ ಗಟ್ಟಿ ಮರಗಳ ಸಸಿಗಳು ನೆರಳು ಬೇಡುವವು, ಅವು ಸಾಯುತ್ತವೆ. ಆ ಜಾಗದಲ್ಲಿ ಚಂದಕಲಿನಂತಹ ಹಗುರ ಮರಗಳು ಬೇಗ ಬೆಳೆಯುತ್ತವೆ. ದೂರದಿಂದ ನೋಡಿದರೆ ಹಸಿರು ಮೊದಲಿನಂತೆಯೇ ಇದೆ ಎನ್ನಿಸುತ್ತದೆ. ಆದರೆ ಹಗುರ ಮರದಲ್ಲಿ ಅಷ್ಟೇ ಗಾತ್ರಕ್ಕೆ ಇಂಗಾಲ ಕಡಿಮೆ. ರಾಮಪತ್ರೆಯಂತಹ ದೊಡ್ಡ ಬೀಜದ ಮರಗಳ ಬೀಜ ಹರಡುವುದು ಮಂಗಟ್ಟೆಯಂತಹ ದೊಡ್ಡ ಹಕ್ಕಿಗಳಿಂದ. ಕಾಯಿಗಳನ್ನೆಲ್ಲ ನಾವೇ ಕೊಯ್ದರೆ ಹಕ್ಕಿಗೂ ಇಲ್ಲ, ಮುಂದಿನ ಪೀಳಿಗೆಯ ಮರಕ್ಕೂ ಬೀಜವಿಲ್ಲ.

ಪ್ರತಿ ವರ್ಷ ಬೋಳಿಸಿದ ಮರ ಕಾಂಡ, ಬೇರುಗಳಲ್ಲಿ ಕೂಡಿಟ್ಟ ಆಹಾರವನ್ನು ಹೊಸ ಚಿಗುರಿಗೇ ಖರ್ಚು ಮಾಡುತ್ತದೆ. ಕಾಂಡ ದಪ್ಪವಾಗುವುದಿಲ್ಲ, ಹೂ ಕಾಯಿ ಕಡಿಮೆ, ಗಾಯದಿಂದ ಕೊಳೆ ಒಳಹೊಕ್ಕುತ್ತದೆ. ಸೊಪ್ಪಿನ ಇಳುವರಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ದರಕನ್ನು ಪೂರ್ತಿ ಗುಡಿಸಿದರೆ ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೂ, ಶೇ. 0.75ಕ್ಕಿಂತ ಹೆಚ್ಚಿದ್ದರೆ ಸಮೃದ್ಧವೆಂದೂ ಎಣಿಸುತ್ತಾರೆ. ತೋಟದ ಜೊತೆಗೆ ಬೆಟ್ಟದ ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ನೋಡಿರಿ.

ರೈತರು ಮಾಡಬೇಕಾದುದು

1. ಬೆಟ್ಟವನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗದಲ್ಲಿ ಮಾತ್ರ ಸೊಪ್ಪು ಕಡಿಯಿರಿ.
2. ಮರದ ತುದಿಯನ್ನು ಎಂದಿಗೂ ಕಡಿಯಬಾರದು. ಮೇಲಿನ ಕೊಂಬೆಗಳನ್ನು ಬಿಟ್ಟು ಕೆಳಗಿನವನ್ನು ಮಾತ್ರ, ಕಾಂಡ ಸೀಳದಂತೆ ಹರಿತವಾದ ಕತ್ತಿಯಿಂದ ಸವರಿರಿ.
3. ಎಳೆಯ ಮರಗಳಿಗೂ ಬೀಜದ ಮರಗಳಿಗೂ ಕತ್ತಿ ತಾಗಿಸದಿರಿ.
4. ದರಕಿನ ಒಂದು ಪಾಲನ್ನು ನೆಲದಲ್ಲೇ ಬಿಡಿರಿ.
5. ಬೇಸಿಗೆಗೆ ಮುಂಚೆ ಬೆಟ್ಟದ ಸುತ್ತ ಬೆಂಕಿರೇಖೆ ತೆಗೆಯಿರಿ.
6. ಬೋಳಾದ ಕಡೆ ಮತ್ತಿ, ನಂದಿ, ಹೊನ್ನೆಯಂತಹ ಸ್ಥಳೀಯ ಸಸಿಗಳನ್ನು ನೆಟ್ಟು, ಮೊದಲ ಕೆಲವು ವರ್ಷ ದನಕರುಗಳಿಂದ ಕಾಪಾಡಿರಿ.

ಮೊದಲ ವರ್ಷಗಳಲ್ಲಿ ಸೊಪ್ಪು ಸ್ವಲ್ಪ ಕಡಿಮೆ ಸಿಗುವುದು ನಿಜ. ಆ ಕೊರತೆಯನ್ನು ತೋಟದ ಸೋಗೆ, ಕೊಟ್ಟಿಗೆ ಗೊಬ್ಬರ ಮತ್ತು ಬೇಲಿಯ ಗೊಬ್ಬರಗಿಡದ ಸೊಪ್ಪಿನಿಂದ ತುಂಬಿಕೊಳ್ಳಬಹುದು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು. ಅಂದು ಕೊಡಲಿ ಬೇರೆಯವರ ಕೈಯಲ್ಲಿತ್ತು. ಸೊಪ್ಪಿನ ಬೆಟ್ಟದಲ್ಲಿ ಕತ್ತಿ ಇರುವುದು ನಮ್ಮ ಕೈಯಲ್ಲೇ. ಅದನ್ನು ಹಿಡಿತದಲ್ಲಿಟ್ಟರೆ ಬೆಟ್ಟವೂ ಉಳಿದೀತು, ಅದನ್ನು ನಂಬಿದ ತೋಟವೂ ಉಳಿದೀತು.