ಅಚ್ಚಿನ ಯಂತ್ರ ನಡೆಸುವವರ ಕೆಲಸ

ಮಳೆ ಕೈಕೊಟ್ಟ ವರ್ಷ ನಮ್ಮ ಜತ್ತ ತಾಲೂಕಿನ ಹುಡುಗರು ಕೆಲಸ ಹುಡುಕಿಕೊಂಡು ಸಾಂಗಲಿ, ಮಿರಜ ಕಡೆಗೆ ಹೋಗುವುದು ಹೊಸದಲ್ಲ. ಕೆಲವರು ಕಬ್ಬು ಕಡಿಯಲು, ಕೆಲವರು ಕುಪವಾಡದ ಕಾರ್ಖಾನೆಗಳಿಗೆ. ಹಬ್ಬಕ್ಕೆ ಊರಿಗೆ ಬಂದಾಗ "ಏನ್ ಕೆಲಸ ತಮ್ಮಾ?" ಎಂದು ಕೇಳಿದರೆ "ಮೋಲ್ಡಿಂಗ್ ಮಷೀನ್ ಮ್ಯಾಲೆ ಆಪರೇಟರ್ ರೀ" ಎನ್ನುತ್ತಾರೆ. ಆ ಕೆಲಸವೇನೆಂದು ಮನೆಯ ಹಿರಿಯರಿಗೆ ತಿಳಿದಿರುವುದಿಲ್ಲ. ಅದನ್ನೇ ಇಂದು ಹೇಳುತ್ತೇನೆ.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದನ್ನು ನಮ್ಮ ತಾಯಂದಿರು ಬಲ್ಲರು. ಕಟ್ಟಿಗೆಯ ಅಚ್ಚಿನ ಎರಡು ಹೋಳುಗಳನ್ನು ಬಿಗಿಯಾಗಿ ಕೂಡಿಸಿ, ಬಿಸಿ ಪಾಕ ಸುರಿದು, ಆರಿದ ಮೇಲೆ ಬಿಚ್ಚುತ್ತಾರೆ. ಪಾಕ ಆರಿದ್ದರೆ ಆನೆಯ ಸೊಂಡಿಲು ತುಂಬುವುದಿಲ್ಲ. ಅಚ್ಚು ಸಡಿಲಾದರೆ ಸಂದಿಯಲ್ಲಿ ಸೋರುತ್ತದೆ. ಅವಸರದಿಂದ ಬಿಚ್ಚಿದರೆ ಗೊಂಬೆ ಮುರಿಯುತ್ತದೆ. ಕಾರ್ಖಾನೆಯ ಲೆಕ್ಕವೂ ಇಷ್ಟೇ: ಕಾವು, ಬಿಗಿ, ವೇಳೆ.

ಲೋಹದ ಎರಕ, ಮರಾಠಿಯಲ್ಲಿ ಓತಕಾಮ, ನಮ್ಮ ಜಿಲ್ಲೆಗೆ ಹಳೆಯ ಕಸಬು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು, ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಲ್ಲಿಯ ಕಬ್ಬಿಣದ ರಂಟಿ ಹೊಲ ಹೊಲಕ್ಕೆ ಹೋಯಿತು.

ಕಬ್ಬಿಣಕ್ಕೆ ಮರಳಿನ ಅಚ್ಚು ಬೇಕು. ಸಣ್ಣ ಮರಳಿಗೆ ಬೆಂಟೊನೈಟ್ ಎಂಬ ಜೇಡಿಮಣ್ಣು, ಸ್ವಲ್ಪ ನೀರು ಕಲಸಿ ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಯಂತ್ರ ಅದನ್ನು ಕುಲುಕಿ ಒತ್ತುತ್ತದೆ. ನೂರು ಕಿಲೋ ಮರಳಿಗೆ ನೀರು ಸುಮಾರು ಮೂರು ನಾಲ್ಕು ಕಿಲೋ. ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ, 1300 ಡಿಗ್ರಿಗೂ ಮೇಲೆ ಕಾದ ಕಬ್ಬಿಣ ಬಿದ್ದೊಡನೆ ನೀರು ಹಬೆಯಾಗಿ ಎರಕದೊಳಗೆ ತೂತು ಬೀಳುತ್ತದೆ. ಒಮ್ಮೊಮ್ಮೆ ಲೋಹವೇ ಮೇಲಕ್ಕೆ ಸಿಡಿಯುತ್ತದೆ. ಅದಕ್ಕೇ ನುರಿತ ಕೆಲಸಗಾರ ಮರಳನ್ನು ಮುಷ್ಟಿಯಲ್ಲಿ ಹಿಚುಕಿ, ಮುರಿದು ನೋಡುತ್ತಾನೆ.

ಪ್ಲಾಸ್ಟಿಕ್ಕಿಗೆ ಉಕ್ಕಿನ ಅಚ್ಚು. ನಮ್ಮ ದಾಳಿಂಬೆ ತೋಟದ ಹನಿ ನೀರಾವರಿಯ ಡ್ರಿಪ್ಪರುಗಳು ಹೀಗೆಯೇ ಆಗುತ್ತವೆ. ಪ್ಲಾಸ್ಟಿಕ್ ಕಾಳುಗಳು ಮೇಲಿನ ಕೊಳವೆಯಿಂದ ಇಳಿದು, ಕಾದ ಉರುಳೆಯಲ್ಲಿ ತಿರುಗುವ ಸ್ಕ್ರೂವಿಗೆ ಸಿಕ್ಕಿ, ಸುಮಾರು 200ರಿಂದ 250 ಡಿಗ್ರಿಯಲ್ಲಿ ಕರಗುತ್ತವೆ. ಸ್ಕ್ರೂ ಆ ಪಾಕವನ್ನು ಅಚ್ಚಿನೊಳಗೆ ನೂಕುತ್ತದೆ. ಅಚ್ಚಿನ ಒಳದಾರಿಗಳಲ್ಲಿ ನೀರು ಹರಿದು ಅದನ್ನು ಆರಿಸುತ್ತದೆ. ಹೆಚ್ಚಿನ ವೇಳೆ ಹೋಗುವುದು ಈ ಆರಿಸುವುದಕ್ಕೇ. ಬಳಿಕ ಅಚ್ಚು ತೆರೆಯುತ್ತದೆ, ಆಪರೇಟರ್ ಮಾಲು ತೆಗೆದು ಪರೀಕ್ಷಿಸುತ್ತಾನೆ. ಅಂಚು ತುಂಬಿಲ್ಲವೋ, ಸಂದಿಯಲ್ಲಿ ಸೋರಿದೆಯೋ, ಮೈ ಕುಸಿದಿದೆಯೋ ಎಂದು ನೋಡಿ, ಕಾವು ಒತ್ತಡ ಸರಿಪಡಿಸುವುದೇ ಅವನ ವಿದ್ಯೆ.

ಅಪಾಯವೂ ಇಲ್ಲಿಯೇ ಇದೆ. ನೂರು ಟನ್ನಿನ ಮಷೀನು ಎಂದರೆ, ಅಚ್ಚಿನ ಹೋಳುಗಳನ್ನು ಒತ್ತಿ ಹಿಡಿಯುವ ಬಲ ಒಂದು ಲಕ್ಷ ಕಿಲೋ ತೂಕದಷ್ಟು. ಬಾಗಿಲು ತೆರೆದಿದ್ದಾಗ ಅಚ್ಚು ಮುಚ್ಚದಂತೆ ಒಂದು ಸ್ವಿಚ್ಚು ಇರುತ್ತದೆ. ಮಾಲು ಹೆಚ್ಚು ಬರಲಿ ಎಂದು ಕೆಲವೆಡೆ ಅದನ್ನು ತಂತಿಯಿಂದ ಕಟ್ಟಿಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಮೂವತ್ತು ಸೆಕೆಂಡಿಗೆ ಒಂದರಂತೆ ಎಂಟು ತಾಸಿಗೆ 960 ನಗ. ಎರಡು ಸೆಕೆಂಡು ಉಳಿಸಿದರೆ 1028. ಲಾಭ 68 ನಗ. ಅಷ್ಟಕ್ಕಾಗಿ ಪಣಕ್ಕಿಡುವುದು ಕೈಯನ್ನು.

ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಪರಿಹಾರದ ಹಣ ತೆಗೆಯಲು ಒಬ್ಬ ತರುಣ ಬಂದಿದ್ದ. ಬಲಗೈಯ ಎರಡು ಬೆರಳು ಇರಲಿಲ್ಲ. ಎಡಗೈಯಿಂದ ಮಾಡಿದ ಸಹಿ ಖಾತೆಯ ಸಹಿಗೆ ಹೋಲಲಿಲ್ಲ; ಹೊಸದಾಗಿ ಮಾದರಿ ಸಹಿ ಪಡೆಯಬೇಕಾಯಿತು. ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಚಲಿಸುವ ಯಂತ್ರಭಾಗಕ್ಕೆ ಕಾವಲು ಇಡಬೇಕೆಂಬುದು 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದ ಬಂದ ನಿಯಮ. ಆದ್ದರಿಂದ ಮಗನನ್ನು ಕಳಿಸುವ ಮುನ್ನ ವಿಚಾರಿಸಿರಿ: ಕೆಲಸ ಕಲಿಸುವವರು ಯಾರು? ಬಾಗಿಲಿನ ಸ್ವಿಚ್ಚು ನಡೆಯುತ್ತದೆಯೇ? ಎರಕದ ಕೆಲಸವಾದರೆ ಬೂಟು, ಕನ್ನಡಕ ಕೊಡುತ್ತಾರೆಯೇ? ಇಎಸ್‌ಐ ನೋಂದಣಿ ಇದೆಯೇ? ಸಾಧ್ಯವಾದರೆ ಮೊದಲು ಐಟಿಐ ಕಲಿಸಿರಿ. ಹುಡುಗರಿಗೂ ಒಂದು ಮಾತು: ಸ್ವಿಚ್ಚು ಕಟ್ಟಿದ ಮಷೀನಿಗೆ ಕೈ ಹಾಕಬೇಡಿರಿ, ಹೇಳಿದವರು ಯಾರೇ ಇರಲಿ.